ಹಗಲಲ್ಲಿ ಕುಡಿದ ನೀರು

ಶಿಬಿರ ಮುಗಿದು, ಭಾಷಣ ಮಾಡಿದವರೆಲ್ಲ ಬಸ್ಸು ಹತ್ತಿದ ಮೇಲೆ ಹಾಸ್ಟೆಲಿನ ಹುಡುಗರು ಕೇಳುವ ಪ್ರಶ್ನೆಯೊಂದಿದೆ. ನ್ಯಾಯ ಒಂದು ಕಡೆ, ಕಾನೂನು ಒಂದು ಕಡೆ ನಿಂತರೆ ನಾವು ಯಾವ ಕಡೆ ನಿಲ್ಲಬೇಕು? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ನೌಕರಿ ಹಿಡಿದು ಪಟ್ಟಣ ಸೇರಿದ ನಮ್ಮ ಅಣ್ಣಂದಿರು "ಕಾನೂನು ಕೈಗೆ ತಗೋಬೇಡ್ರಪ್ಪಾ, ತೆಪ್ಪಗೆ ಓದ್ಕೊಳ್ಳಿ" ಅಂತಾರೆ. ರಕ್ತ ಬಿಸಿಯಿರುವ ಗೆಳೆಯರು "ಕಾನೂನು ಅವರದು, ಅದನ್ನ ಕಟ್ಕೊಂಡು ನಮಗೇನಾಗಬೇಕು" ಅಂತಾರೆ. ಮೊದಲನೆಯದು ಹೆದರಿಕೆಯ ಮಾತು. ಎರಡನೆಯದು ಮಾರನೇ ದಿನ ಪೊಲೀಸ್ ಜೀಪು ಹಟ್ಟಿಯ ಮುಂದೆ ನಿಂತಾಗ ಉಪಯೋಗಕ್ಕೆ ಬಾರದ ಮಾತು. ಈ ಎರಡನ್ನೂ ಬಿಟ್ಟು ಇನ್ನೊಂದು ದಾರಿಯನ್ನು ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ನಡೆದು ತೋರಿಸಿದ್ದಾರೆ. ಆ ಕತೆಯ ಅರ್ಧ ಭಾಗ ನಮಗೆಲ್ಲ ಗೊತ್ತು. ಇನ್ನರ್ಧವನ್ನು ನಾವು ಹೇಳೋದೇ ಇಲ್ಲ.

ಅಲ್ಲಿಗೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾನೂನು ಅಂದ್ರೆ ಯಾವುದು?

ನಮ್ಮ ಹಳ್ಳಿಗಳಲ್ಲಿ ಎರಡು ಕಾನೂನು ನಡೀತವೆ. ಒಂದು ಪುಸ್ತಕದ್ದು, ಒಂದು ಊರಿನದು. ಊರಿನ ಕಾನೂನಿಗೆ ಪುಸ್ತಕ ಇಲ್ಲ. ಆದರೆ ಅದಕ್ಕೆ ಅರಳಿಕಟ್ಟೆಯ ಕೋರ್ಟಿದೆ, ದಂಡ ಇದೆ, ಬಹಿಷ್ಕಾರ ಇದೆ, ಕೂಲಿ ಬಂದ್, ಕಿರಾಣಿ ಬಂದ್ ಇದೆ. ನಮ್ಮ ಹುಡುಗನೊಬ್ಬ ಹೋಟೆಲಿನೊಳಗೆ ಬೆಂಚಿನ ಮೇಲೆ ಕೂತು ಟೀ ಕೇಳಿದರೆ, ಗುಡಿಯ ಹೊಸ್ತಿಲು ದಾಟಿದರೆ ಊರಿಗೂರೇ ಎದ್ದು ನಿಂತು ಕಟ್ಟುಪಾಡು ಮುರಿದ ಅನ್ನುತ್ತೆ. ಆಮೇಲೆ ಬರುವ ಪೊಲೀಸಿನವರೂ ಎಷ್ಟೋ ಸಲ ನಮಗೇ ಬುದ್ಧಿ ಹೇಳ್ತಾರೆ, ಊರ ಶಾಂತಿ ಕೆಡಿಸಬೇಡಿ ಅಂತ.

ಪುಸ್ತಕ ತೆಗೆದು ನೋಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ, ಅದರ ಆಚರಣೆ ಅಪರಾಧ ಅಂದಿದೆ. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ. 1955ರಿಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇದೆ. 1976ರಲ್ಲಿ ಅದು ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ ಆಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಹಾಗಾದರೆ ಹೋಟೆಲಿನ ಬೆಂಚಿನ ಮೇಲೆ ಕೂತ ಹುಡುಗ ಮುರಿದದ್ದು ಯಾವ ಕಾನೂನನ್ನು? ಅವನು ಪುಸ್ತಕದ ಕಾನೂನನ್ನು ಪಾಲಿಸಿದ. ಅದನ್ನು ಮುರಿದವನು ಬೇರೆ ಲೋಟ ಇಟ್ಟವನು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ನಮ್ಮ ಜನ ಕೇಳಿದ್ದು ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶ. ಅಷ್ಟಕ್ಕೇ 2014ರ ಆಗಸ್ಟ್‌ನಲ್ಲಿ ಅವರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪುಸ್ತಕದ ಕಾನೂನು ಊರ ಕಾನೂನಿನ ಬಾಗಿಲಿಗೆ ಬರೋದಕ್ಕೆ ಹತ್ತು ವರ್ಷ ತಗೊಂಡಿತು. ಆದರೂ ಅಪರಾಧಿ ಯಾರು ಅನ್ನೋದನ್ನ ಅದು ಬರೆದಿಟ್ಟಿತು.

ಆದ್ದರಿಂದ ಮೊದಲ ಮಾತು ಇಷ್ಟು. ನೀವು ಕಾನೂನು ಮುರೀತಿದ್ದೀರಿ ಅಂತ ಯಾರಾದರೂ ಗದರಿದರೆ, ಯಾವ ಕಾನೂನು, ಎಷ್ಟನೇ ಸೆಕ್ಷನ್ ಅಂತ ಕೇಳಿ. ಬಹಳ ಸಲ ಅಲ್ಲಿ ಸೆಕ್ಷನ್ ಇರೋಲ್ಲ. ಕಟ್ಟುಪಾಡು ಮಾತ್ರ ಇರುತ್ತೆ. ಅದನ್ನು ಮುರಿಯೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕಷ್ಟ ಇರೋದು ಮುಂದೆ. ಪುಸ್ತಕದ ಕಾನೂನೇ, ಕೋರ್ಟಿನ ಆಜ್ಞೆಯೇ ನ್ಯಾಯಕ್ಕೆ ಅಡ್ಡ ಬಂದು ನಿಂತರೆ? ಈಗ ಮಹಾಡಿಗೆ ಬರೋಣ.

ಆಗಿನ ಬೊಂಬಾಯಿ ಪ್ರಾಂತ್ಯದ ಕೊಲಾಬಾ ಜಿಲ್ಲೆಯ ಊರು ಮಹಾಡ್. ಅಲ್ಲಿ ಚವದಾರ್ ಕೆರೆ. ಅದರ ನೀರನ್ನು ಸವರ್ಣೀಯರು ಬಳಸ್ತಿದ್ರು, ಬೇರೆ ಧರ್ಮದವರೂ ಬಳಸ್ತಿದ್ರು, ದನಕರುಗಳೂ ಕುಡೀತಿದ್ವು. ಅಸ್ಪೃಶ್ಯರು ಮಾತ್ರ ಮುಟ್ಟುವಂತಿರಲಿಲ್ಲ. 1923ರ ಆಗಸ್ಟ್‌ನಲ್ಲಿ ಎಸ್. ಕೆ. ಬೋಲೆಯವರು ಬೊಂಬಾಯಿ ಶಾಸನ ಸಭೆಯಲ್ಲಿ ಒಂದು ಠರಾವು ಪಾಸು ಮಾಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಅನ್ನೋದು ಆ ಠರಾವು. 1924ರಲ್ಲಿ ಮಹಾಡಿನ ಪುರಸಭೆಯೂ ಕೆರೆ ಎಲ್ಲರಿಗೂ ಮುಕ್ತ ಅಂತ ಬರೆದುಕೊಂಡಿತು. ಕಾಗದದಲ್ಲಿ ಕೆರೆ ಬಿಡುಗಡೆ ಆಯ್ತು. ಮೂರು ವರ್ಷ ಕಳೆದರೂ ಒಬ್ಬನ ಬೊಗಸೆಗೂ ನೀರು ಬರಲಿಲ್ಲ.

1927ರ ಮಾರ್ಚ್ 19, 20ರಂದು ಮಹಾಡಿನಲ್ಲಿ ಪರಿಷತ್ತು ಸೇರಿತು. 20ನೇ ತಾರೀಕು ಬಾಬಾಸಾಹೇಬರು ಮುಂದೆ, ಸಾವಿರಾರು ಜನ ಹಿಂದೆ, ಪೇಟೆಯ ನಡುವೆ ನಡೆದು ಹೋಗಿ ಕೆರೆಗಿಳಿದು ನೀರು ಕುಡಿದರು. ಸ್ವಲ್ಪ ಹೊತ್ತಿಗೆ ಊರಲ್ಲಿ ಗಾಳಿಮಾತು ಎದ್ದಿತು, ಇವರು ವೀರೇಶ್ವರ ಗುಡಿಗೂ ನುಗ್ಗುತ್ತಾರೆ ಅಂತ. ದೊಣ್ಣೆ ಹಿಡಿದು ಬಂದವರು ಊಟಕ್ಕೆ ಕೂತಿದ್ದವರನ್ನು, ದಾರಿಯಲ್ಲಿ ಮನೆ ಕಡೆ ಹೊರಟಿದ್ದವರನ್ನು ಬಡಿದರು. ಬಾಬಾಸಾಹೇಬರು ನಮ್ಮವರ ಕೈ ತಡೆದರು. ಆಮೇಲೆ ಸವರ್ಣೀಯರು ಕೊಡಗಟ್ಟಲೆ ಗಂಜಳ, ಸಗಣಿ, ಹಾಲು, ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿದರು. ಮನುಷ್ಯ ಮುಟ್ಟಿದ ಮೈಲಿಗೆಯನ್ನು ಸಗಣಿಯಿಂದ ತೊಳೆದರು! ಆಗಸ್ಟ್ ಹೊತ್ತಿಗೆ ಪುರಸಭೆ ತನ್ನ ಠರಾವನ್ನೂ ವಾಪಸು ತಗೊಂಡಿತು.

ಇಷ್ಟು ನಮಗೆಲ್ಲ ಗೊತ್ತಿರುವ ಅರ್ಧ. ಈಗ ಇನ್ನರ್ಧ.

ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ತೀರ್ಮಾನವಾಯ್ತು. ಸವರ್ಣೀಯರು ಈ ಸಲ ದೊಣ್ಣೆಯ ಜೊತೆಗೆ ವಕೀಲರನ್ನೂ ಹಿಡಿದರು. ಡಿಸೆಂಬರ್ 12ರಂದು ಬಾಬಾಸಾಹೇಬರ ಮೇಲೆ, ಅವರ ಸಂಗಡಿಗರ ಮೇಲೆ ಸಿವಿಲ್ ದಾವೆ ಹೂಡಿದರು. ಇದು ಸಾರ್ವಜನಿಕ ಕೆರೆ ಅಲ್ಲ, ಅಸ್ಪೃಶ್ಯರು ಮುಟ್ಟಬಾರದು ಅನ್ನೋದು ಅನಾದಿ ಕಾಲದ ರೂಢಿ ಅಂತ ವಾದ. 14ರಂದು ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟುಬಿಟ್ಟಿತು.

ಅದೇ ಕೆರೆ, ಅದೇ ನೀರು, ಅದೇ ಬೊಗಸೆ. ಮಾರ್ಚ್‌ನಲ್ಲಿ ನೀರು ಕುಡಿಯೋದು ಸರ್ಕಾರ ಒಪ್ಪಿದ ಹಕ್ಕು. ಡಿಸೆಂಬರ್‌ನಲ್ಲಿ ಕೋರ್ಟಿನ ಆಜ್ಞೆಯ ಉಲ್ಲಂಘನೆ. ಗೆಳೆಯರೇ, ಕಾನೂನು ಎಷ್ಟು ಬೇಗ ಮಗ್ಗುಲು ಬದಲಿಸುತ್ತೆ ನೋಡಿ. ನ್ಯಾಯ ಈ ಒಂಬತ್ತು ತಿಂಗಳಲ್ಲಿ ಒಂದು ಅಂಗುಲವೂ ಕದಲಿರಲಿಲ್ಲ.

ಡಿಸೆಂಬರ್ 25ಕ್ಕೆ ಮಹಾಡಿನಲ್ಲಿ ಜನ ಸೇರಿದರು. ಸಭೆಗೆ ಜಾಗ ಕೊಡೋಕೆ ಹಿಂದೂ ಮುಂದೆ ಬರಲಿಲ್ಲ, ಮುಸಲ್ಮಾನರೊಬ್ಬರು ತಮ್ಮ ಜಾಗ ಬಿಟ್ಟುಕೊಟ್ಟರು. ಜೈಲಿಗೆ ಹೋಗೋಕೆ ಸಿದ್ಧರಾಗಿ ಬಂದವರು ಸಾವಿರಗಟ್ಟಲೆ ಇದ್ದರು. ಜಿಲ್ಲಾ ಕಲೆಕ್ಟರ್ ಸಭೆಗೇ ಬಂದು ಕೋರ್ಟಿನ ತೀರ್ಪಿನವರೆಗೆ ಕಾಯಿರಿ ಅಂದ. ಜನಕ್ಕೆ ಕಾಯೋದು ಬೇಕಿರಲಿಲ್ಲ.

ಬಾಬಾಸಾಹೇಬರು ಏನು ಮಾಡಿದರು? 25ರ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಕೋರ್ಟಿನ ತಡೆಯಾಜ್ಞೆಯನ್ನು ಮುರಿಯಲಿಲ್ಲ. ವಿಷಯವನ್ನು ಪರಿಷತ್ತಿನ ಮುಂದೆ ಇಟ್ಟು, ಚರ್ಚೆ ಮಾಡಿಸಿ, ಸತ್ಯಾಗ್ರಹ ಮುಂದೂಡೋಣ ಅಂತ ಜನರನ್ನು ಒಪ್ಪಿಸಿದರು. ಆಮೇಲೆ ಎಲ್ಲರೂ ಮೆರವಣಿಗೆಯಲ್ಲಿ ಹೋಗಿ ಕೆರೆಯನ್ನು ಸುತ್ತು ಹಾಕಿದರು. ನೀರು ಮುಟ್ಟಲಿಲ್ಲ.

ನಮ್ಮ ಹಾಡುಗಳಲ್ಲಿ, ಬೀದಿನಾಟಕಗಳಲ್ಲಿ ಈ ಸುತ್ತು ಹಾಕಿದ ದೃಶ್ಯ ಬರೋದು ಅಪರೂಪ. ಇದರಲ್ಲಿ ಏನೋ ಸೋಲಿದೆ ಅಂತ ನಮಗನ್ನಿಸುತ್ತೆ. ನನಗೆ ಹಾಗನ್ನಿಸೋಲ್ಲ. ಆ ರಾತ್ರಿ ಅವರು ಎರಡು ಕಾನೂನುಗಳನ್ನು ಬೇರೆ ಬೇರೆ ಮಾಡಿದರು. ಮನುವಿನದು ನಮ್ಮನ್ನು ಮನುಷ್ಯರೇ ಅಲ್ಲ ಅನ್ನುವ ಕಾನೂನು. ಅದರ ಜೊತೆ ಮಾತುಕತೆ ಇಲ್ಲ, ಬೆಂಕಿಯೇ ಗತಿ. ಕೋರ್ಟಿನದು ಅನ್ಯಾಯದ ಆಜ್ಞೆ, ಆದರೆ ಅದನ್ನು ಅದೇ ಕೋರ್ಟಿನಲ್ಲಿ ಕೆಡವೋಕೆ ದಾರಿ ಇತ್ತು. ಕೈಯಲ್ಲಿ ವಾದ ಇತ್ತು, ಓದಿದ ವಕೀಲಿ ಇತ್ತು. ಸವರ್ಣೀಯರ ಮೇಲೂ ಸರ್ಕಾರದ ಮೇಲೂ ಒಂದೇ ದಿನ ಯುದ್ಧ ಹೂಡಿದರೆ ಏಟು ಬೀಳೋದು ಯಾರಿಗೆ? ಮಾರ್ಚ್‌ನಲ್ಲಿ ಹಳ್ಳಿಗೆ ವಾಪಸು ಹೋದ ಬಡವರು ದಾರಿಯಲ್ಲೂ ಊರಲ್ಲೂ ಏಟು ತಿಂದಿದ್ದರು. ಆ ಲೆಕ್ಕ ಅವರಿಗೆ ಗೊತ್ತಿತ್ತು.

ಆ ತಾಳ್ಮೆಗೆ ಬೆಲೆಯೂ ತೆತ್ತೆವು. ಕೆಳಗಿನ ಕೋರ್ಟಿನಲ್ಲಿ ಗೆಲ್ಲೋಕೆ 1931 ಆಯ್ತು. ಬೊಂಬಾಯಿ ಹೈಕೋರ್ಟು ಕೊನೆಯ ತೀರ್ಪು ಕೊಟ್ಟದ್ದು 1937ರ ಮಾರ್ಚ್ 17ರಂದು. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ಅಲ್ಲೂ ಹೈಕೋರ್ಟು ಅಸ್ಪೃಶ್ಯತೆ ತಪ್ಪು ಅಂತ ಹೇಳಲಿಲ್ಲ. ಅನಾದಿ ಕಾಲದ ರೂಢಿ ಅಂತ ಸವರ್ಣೀಯರು ರುಜುವಾತು ಮಾಡಿಲ್ಲ, ಅಷ್ಟೇ ಅಂದಿತು. ನಮ್ಮ ಮನುಷ್ಯತ್ವ ಗೆಲ್ಲಲಿಲ್ಲ, ಅವರ ಸಾಕ್ಷಿ ಸೋತಿತು. ಮನುಷ್ಯತ್ವವನ್ನು ಕಾನೂನಿನಲ್ಲಿ ಬರೆಯೋಕೆ ಬಾಬಾಸಾಹೇಬರೇ ಮುಂದೆ ಸಂವಿಧಾನದ ಕರಡು ಸಮಿತಿಗೆ ಬರಬೇಕಾಯ್ತು. 15ನೇ ವಿಧಿಯಲ್ಲಿ ಕೆರೆ, ಬಾವಿ ಅಂತ ಓದುವಾಗ ನನಗೆ ಚವದಾರ್ ಕೆರೆಯ ಮೆಟ್ಟಿಲು ಕಾಣುತ್ತೆ.

ಈಗ ನಮ್ಮ ಹಾಸ್ಟೆಲಿಗೆ ಬನ್ನಿ.

ಸೀಟು ಸಿಗದ ಗೆಳೆಯನನ್ನು ರೂಮಿನಲ್ಲಿ ಇಟ್ಟುಕೊಂಡಿರೋದು ನಮ್ಮಲ್ಲಿ ಹೊಸದಲ್ಲ. ಅವನಿಗೆ ಗೆಸ್ಟ್ ಅಂತ ಹೆಸರು. ಒಂದು ಮಂಚದಲ್ಲಿ ಇಬ್ಬರು, ಒಂದು ತಟ್ಟೆಯಲ್ಲಿ ಇಬ್ಬರು. ವಾರ್ಡನ್ ಬಂದರೆ ಅವನು ಹಿಂದಿನ ಬಾಗಿಲಿಂದ ಆಚೆ. ನಿಯಮದ ಪ್ರಕಾರ ಇದು ತಪ್ಪು. ಸಿಕ್ಕಿಬಿದ್ದರೆ ಇಟ್ಟುಕೊಂಡವನ ಸೀಟಿಗೂ ಸಂಚಕಾರ. ನ್ಯಾಯದ ಪ್ರಕಾರ? ಕೂಲಿ ಮಾಡುವ ಅವ್ವನ ಮಗ ಓದು ಬಿಟ್ಟು ಊರಿಗೆ ಹೋಗಬಾರದು ಅಂತ ಅರ್ಧ ಅನ್ನ ಕೊಟ್ಟವನು ತಪ್ಪು ಮಾಡಿದ ಅಂತ ಯಾವ ಬಾಯಲ್ಲಿ ಹೇಳೋದು? ಅನ್ನ ಹಂಚಿಕೊಳ್ಳಿ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ವಿಷಯ ಯೋಚನೆ ಮಾಡಿ. ನೂರು ಸೀಟಿನ ಹಾಸ್ಟೆಲು ಅಂತಿಟ್ಟುಕೊಳ್ಳಿ. ರಿಜಿಸ್ಟರಿನಲ್ಲಿ ನೂರು ಹೆಸರು, ನೂರು ಊಟ. ಒಳಗೆ ಇರೋದು ನೂರೈವತ್ತು ಜನ. ಆ ಐವತ್ತು ಜನ ಯಾವ ಕಾಗದದಲ್ಲೂ ಇಲ್ಲ. ಮೇಲಿನ ಅಧಿಕಾರಿ ರಿಜಿಸ್ಟರು ನೋಡಿ ಎಲ್ಲ ಸರಿಯಾಗಿದೆ ಅಂತ ಸಹಿ ಹಾಕ್ತಾನೆ. ಹೊಸ ಹಾಸ್ಟೆಲು ಯಾಕೆ ಬೇಕು, ಹೊಸ ಸೀಟು ಯಾಕೆ ಬೇಕು ಅಂತ ಸರ್ಕಾರ ಕೇಳಿದರೆ ತೋರಿಸೋಕೆ ನಮ್ಮ ಹತ್ತಿರ ಏನೂ ಇರೋಲ್ಲ. ನಮ್ಮ ಗುಟ್ಟಿನ ಕರುಣೆ ಸರ್ಕಾರದ ತಪ್ಪನ್ನು ಮುಚ್ಚಿಡುವ ಕಂಬಳಿ ಆಗಿಬಿಡುತ್ತೆ.

ಮಹಾಡಿನ ಪಾಠ ಇಲ್ಲಿದೆ. ಬಾಯಾರಿದವನು ರಾತ್ರಿ ಹೊತ್ತು ಕದ್ದು ಹೋಗಿ ಒಂದು ಕೊಡ ನೀರು ತರಬಹುದಿತ್ತು. ಕದ್ದು ಕುಡಿದ ನೀರಿನಿಂದ ಬಾಯಾರಿಕೆ ತೀರುತ್ತೆ, ಕೆರೆ ನಮ್ಮದಾಗೋಲ್ಲ. ಬಾಬಾಸಾಹೇಬರು ಹಗಲಲ್ಲಿ, ಪೇಟೆಯ ನಡುವೆ, ಎಲ್ಲರ ಕಣ್ಣೆದುರು ಹೋದರು. ಆ ಬೆಳಕಿಗೆ ಬಂದದ್ದರಿಂದಲೇ ಸವರ್ಣೀಯರು ಕೋರ್ಟಿಗೆ ಹೋಗಿ ತಮ್ಮ ರೂಢಿಯನ್ನು ರುಜುವಾತು ಮಾಡಬೇಕಾಗಿ ಬಂತು, ಮಾಡಲಾರದೆ ಸೋತರು.

ಹಾಗೆಯೇ ಹಾಸ್ಟೆಲಿನ ಐವತ್ತು ಹುಡುಗರೂ ಬೆಳಕಿಗೆ ಬರಬೇಕು. ಅವರ ಹೆಸರು, ಊರು, ತರಗತಿ, ಅರ್ಜಿ ಹಾಕಿದ ತಾರೀಕು ಬರೆದು ಪಟ್ಟಿ ಮಾಡಿ. ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ, ಜಿಲ್ಲಾ ಕಚೇರಿಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬನ್ನಿ. ಇದರಲ್ಲಿ ಅಪಾಯ ಇದೆ, ಮುಚ್ಚಿಡೋಲ್ಲ. ಸೀಟು ಕೇಳಿ ಕೊಟ್ಟ ಪಟ್ಟಿಯೇ ಹೊರಗೆ ಹಾಕುವ ಪಟ್ಟಿ ಆಗಬಹುದು. ಅದಕ್ಕೇ ಎರಡು ಕಟ್ಟು ಬೇಕು. ಸೀಟು ಇರುವ ನೂರು ಜನವೂ ಅದೇ ಅರ್ಜಿಗೆ ಸಹಿ ಹಾಕಬೇಕು. ಒಬ್ಬನನ್ನು ಹೊರಗೆ ಹಾಕೋದು ಸುಲಭ, ನೂರೈವತ್ತು ಜನರನ್ನು ಹಾಕೋದು ಸುಲಭ ಅಲ್ಲ. ಇನ್ನೊಂದು, ಸೀಟಿಲ್ಲದ ಹುಡುಗನನ್ನು ಕೇಳದೆ ಅವನ ಹೆಸರು ಬರೆಯಕೂಡದು. ಏಟು ತಿನ್ನುವವನು ತೀರ್ಮಾನದಲ್ಲಿ ಇರಬೇಕು. ಮಹಾಡಿನಲ್ಲಿ ತೀರ್ಮಾನ ಆದದ್ದು ಜೈಲಿಗೆ ಹೋಗಲು ಬಂದವರ ಮುಂದೆ, ಅದೇ ಪೆಂಡಾಲಿನಲ್ಲಿ.

ಏಟು ಯಾರಿಗೆ ಅನ್ನೋ ಪ್ರಶ್ನೆಯನ್ನು ನಾವು 2018ರಲ್ಲಿ ಮತ್ತೆ ಕಂಡೆವು. ಆ ವರ್ಷ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಿತು. ದೂರು ಕೊಟ್ಟರೆ ಮೊದಲು ಪ್ರಾಥಮಿಕ ವಿಚಾರಣೆ, ಬಂಧಿಸಬೇಕಾದರೆ ಮೇಲಿನವರ ಅನುಮತಿ ಅಂದಿತು. ಮಹಾಡಿನ ಕೆರೆಗೆ ಇಳಿದ ತಾರೀಕೇ ಅದು! ಏಪ್ರಿಲ್ 2ರಂದು ಭಾರತ ಬಂದ್ ಆಯ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಲ್ಲಿ ಸಾವುಗಳಾದವು. ಆಗಸ್ಟ್‌ನಲ್ಲಿ ಪಾರ್ಲಿಮೆಂಟು ತಿದ್ದುಪಡಿ ತಂದು ಕಾಯಿದೆಯನ್ನು ಮೊದಲಿನಂತೆ ಮಾಡಿತು. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ಆ ಆದೇಶಗಳನ್ನು ತಾನೇ ವಾಪಸು ತಗೊಂಡಿತು.

ನಮ್ಮ ರಾಜ್ಯದಲ್ಲೂ ಇಂಥದ್ದು ನಡೆದಿದೆ. ನಮ್ಮವರಿಗೆ ಮಂಜೂರಾದ ಭೂಮಿ ಪರಭಾರೆ ಆಗಬಾರದು ಅಂತ 1978ರ ಕಾಯಿದೆ ಬಂತು. ಸರ್ಕಾರಿ ಭಾಷೆಯಲ್ಲಿ ಪಿಟಿಸಿಎಲ್. ಕಳೆದುಕೊಂಡ ಭೂಮಿ ವಾಪಸು ಕೇಳೋಕೆ ಅದರಲ್ಲಿ ಕಾಲಮಿತಿ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದರೆ ಆಗೋಲ್ಲ, ಸಕಾಲದಲ್ಲಿ ಬರಬೇಕು ಅಂದಿತು. ಅಕ್ಷರ ಗೊತ್ತಿಲ್ಲದ ಅಜ್ಜ ಹೆಬ್ಬೆಟ್ಟು ಒತ್ತಿ ಕಳಕೊಂಡ ಭೂಮಿಯನ್ನು ಓದು ಕಲಿತ ಮೊಮ್ಮಗ ಕೇಳೋಕೆ ಹೋದರೆ ತಡವಾಯ್ತು! ನಮ್ಮ ಸಂಘಟನೆಗಳು ಧರಣಿ ಕೂತವು. 2023ರಲ್ಲಿ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು.

ಇದರಿಂದ ತಿಳಿಯೋದು ಏನು? ಕಾನೂನು ಕಲ್ಲಲ್ಲಿ ಕೊರೆದದ್ದಲ್ಲ. ತಳ್ಳಿದವರ ಕಡೆ ಜರುಗುತ್ತೆ. ಆದರೆ 2018ರ ಆ ಬಂದ್ ದಿನ ಕೇಸು ಹಾಕಿಸಿಕೊಂಡ ಯುವಕರನ್ನೂ ಮರೆಯಬಾರದು. ನೌಕರಿಗೆ ಮೊದಲು ಪೊಲೀಸು ವಿಚಾರಣೆ ಇರುತ್ತೆ. ಮನೆಗೆ ಮೊದಲ ಪದವೀಧರನಾದ ಹುಡುಗನ ಮೇಲೆ ಒಂದು ಕೇಸು ಬಿದ್ದರೆ ಇಡೀ ಮನೆ ಕೂತುಬಿಡುತ್ತೆ. ಭಾಷಣ ಮಾಡಿ ಕಲ್ಲು ತೂರಿಸಿದ ನಾಯಕನ ಮಗ ಆ ದಿನ ಬೀದಿಯಲ್ಲಿ ಇರೋಲ್ಲ. ಹೋರಾಟಕ್ಕೆ ಕರೆಯುವವರನ್ನು ನೇರವಾಗಿ ಕೇಳಿ: ಕೇಸು ಬಿದ್ದರೆ ವಕೀಲರು ಯಾರು? ಜಾಮೀನಿಗೆ ಯಾರು ಬರ್ತಾರೆ? ನೀವು ಮುಂದಿನ ಸಾಲಲ್ಲಿ ಇರ್ತೀರಾ? ಇದು ಹೇಡಿತನದ ಪ್ರಶ್ನೆ ಅಲ್ಲ, ಮಹಾಡಿನ ಪ್ರಶ್ನೆ.

ಇನ್ನೊಂದು ತಕರಾರು ಬರುತ್ತೆ, ಅದೂ ನಮ್ಮೊಳಗಿಂದಲೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಇನ್ನು ಸತ್ಯಾಗ್ರಹ, ಕಾನೂನು ಭಂಗ, ಅಸಹಕಾರ ಬಿಡಬೇಕು ಅಂದರಲ್ಲಾ ಅಂತ. ಹೌದು, ಅಂದರು. ಅದರ ಜೊತೆ ಇನ್ನೊಂದು ಮಾತೂ ಇದೆ. ಸಂವಿಧಾನದ ದಾರಿ ತೆರೆದಿರುವಾಗ ಇವಕ್ಕೆ ಸಮರ್ಥನೆ ಇಲ್ಲ ಅಂದರು. ತೆರೆದಿರುವಾಗ! ಆ ಮಾತನ್ನು ನಮಗೆ ನೆನಪಿಸುವ ದೊಡ್ಡ ಮನುಷ್ಯರು ಬಾಗಿಲು ತೆರೆದಿದೆಯೇ ಅಂತ ನೋಡೋದೇ ಇಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಆ ಖುಲಾಸೆಯನ್ನು ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದರು ಅಂತ ಕಾರಣ. ಊರಿನ ಅನ್ನ, ಊರಿನ ಕೂಲಿ, ಊರಿನ ಹೆದರಿಕೆಯಲ್ಲಿ ಬದುಕುವ ಸಾಕ್ಷಿ ತಿರುಗದೆ ಏನು ಮಾಡ್ತಾನೆ?

ಹಾಗಾದರೆ ಕಾನೂನನ್ನೇ ಬಿಟ್ಟುಬಿಡೋಣವೇ? ಬಿಟ್ಟರೆ ಲಾಭ ಯಾರಿಗೆ? ಪುಸ್ತಕದ ಕಾನೂನು ಹೋದ ಜಾಗಕ್ಕೆ ಬರೋದು ನಮ್ಮ ನ್ಯಾಯ ಅಲ್ಲ, ಊರಿನ ಕಾನೂನು. ದೊಣ್ಣೆ, ಭೂಮಿ, ದುಡ್ಡು ಇರುವವನಿಗೆ ಪುಸ್ತಕ ಬೇಕಾಗಿಲ್ಲ. ಪುಸ್ತಕ ಬೇಕಾಗಿರೋದು ನಮಗೆ. ಕಂಬಾಲಪಲ್ಲಿಯಲ್ಲಿ ಸೋತದ್ದು ಪುಸ್ತಕ ಇದ್ದದ್ದರಿಂದ ಅಲ್ಲ, ಪುಸ್ತಕದ ಹಿಂದೆ ನಿಲ್ಲಬೇಕಾಗಿದ್ದವರು ಸಾಕ್ಷಿಯ ಹಿಂದೆ ನಿಲ್ಲದೆ ಹೋದದ್ದರಿಂದ. ಸಾಕ್ಷಿ ಹೇಳುವವನ ಮನೆಗೆ ಅಕ್ಕಿ ಕೊಡೋದು, ಅವನ ಜೊತೆ ಕೋರ್ಟಿಗೆ ಬಸ್ಸಿನಲ್ಲಿ ಹೋಗೋದು, ಅವನ ಮಗನಿಗೆ ಪಟ್ಟಣದಲ್ಲಿ ಓದೋಕೆ ದಾರಿ ಮಾಡೋದು, ಇವೂ ಹೋರಾಟವೇ. ಇದಕ್ಕೆ ಘೋಷಣೆ ಇಲ್ಲ, ಫೋಟೋ ಇಲ್ಲ. ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದು.

ಆದ್ದರಿಂದ ನನ್ನ ಮಾತು ಇಷ್ಟು. ಕಟ್ಟುಪಾಡನ್ನು ಮುರಿಯೋಕೆ ಕಾಯಬೇಡಿ, ಪುಸ್ತಕ ನಿಮ್ಮ ಕಡೆ ಇದೆ. ಪುಸ್ತಕದ್ದೇ ಒಂದು ನಿಯಮ, ಒಂದು ಆಜ್ಞೆ ನ್ಯಾಯಕ್ಕೆ ಅಡ್ಡ ನಿಂತರೆ ಅದನ್ನು ನ್ಯಾಯ ಅಂತ ಒಪ್ಪಬೇಡಿ. ಪಾಲಿಸಬೇಕಾಗಿ ಬಂದರೂ ಕೆರೆ ಸುತ್ತು ಹಾಕುತ್ತಾ ಪಾಲಿಸಿ, ಇದು ಅನ್ಯಾಯ ಅಂತ ಕೂಗಿ ಹೇಳುತ್ತಾ, ಅದನ್ನು ಕೆಡವುವ ಕಾಗದ ಸಿದ್ಧ ಮಾಡುತ್ತಾ. ಎಲ್ಲ ಬಾಗಿಲೂ ಮುಚ್ಚಿ, ಮುರಿಯಲೇಬೇಕಾಗಿ ಬಂದರೆ ಹಗಲಲ್ಲಿ ಮುರಿಯಿರಿ. ಒಟ್ಟಾಗಿ ಮುರಿಯಿರಿ, ಹೆಸರು ಹೇಳಿ ಮುರಿಯಿರಿ, ಯಾರ ಮೈಮೇಲೂ ಕೈ ಮಾಡದೆ ಮುರಿಯಿರಿ. ಏಟು ತಿನ್ನುವವರನ್ನು ಮೊದಲು ಕೇಳಿ.

ಈ ತಿಂಗಳು ನಿಮ್ಮ ನಿಮ್ಮ ಹಾಸ್ಟೆಲಿನಲ್ಲಿ ಒಂದು ಸಂಜೆ ಕೂರಿ. ರಿಜಿಸ್ಟರಿನಲ್ಲಿ ಇಲ್ಲದ ಗೆಳೆಯರು ಎಷ್ಟು ಜನ ಅಂತ ಎಣಿಸಿ. ಅವರನ್ನು ಮಧ್ಯೆ ಕೂರಿಸಿಕೊಂಡು ಮಾತಾಡಿ. ಅವರು ಹೂಂ ಅಂದ ಮೇಲೆ ಮೊದಲ ಹಾಳೆ ತೆಗೆದು ಹೆಸರು ಬರೆಯೋಕೆ ಶುರುಮಾಡಿ.

ಜೈ ಭೀಮ್.